ಅಸ್ಥಿರತೆ 66: ಕೋಲಾರದ ಕಾರ್ಮಿಕನೊಬ್ಬನ ವ್ಯಕ್ತಿತ್ವ ಪರೀಕ್ಷೆಯ ಪ್ರಕರಣ ಅಧ್ಯಯನ

ಗುರುತು ಸಿಗಬಾರದೆಂದು ಈ ಪ್ರಕರಣವನ್ನು ಒಂದಕ್ಕಿಂತ ಹೆಚ್ಚು ಮಂದಿಯ ಸಂಗತಿಗಳನ್ನು ಕೂಡಿಸಿ ಬರೆಯಲಾಗಿದೆ. ಊರು, ವಯಸ್ಸು, ಮನೆಯ ವಿವರ ಬದಲಾಗಿವೆ. ಇಲ್ಲಿರುವ ಅಂಕಗಳು ಈ ಪ್ರಕರಣವನ್ನು ಅರ್ಥ ಮಾಡಿಸಲು ಮಾತ್ರ. ಪರೀಕ್ಷೆಗಳ ರಚನೆ ಮತ್ತು ಅವುಗಳನ್ನು ಓದುವ ನಿಯಮಗಳು ಇದ್ದದ್ದು ಇದ್ದಂತೆ ಇವೆ.

ಪ್ಲಾಸ್ಟಿಕ್ ಕವರಿನಲ್ಲಿ ಎರಡು ವರದಿ

ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ 29 ವರ್ಷದ ಯುವಕ. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ, ಆಮೇಲೆ ಐಟಿಐ ಫಿಟ್ಟರ್. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಅಸೆಂಬ್ಲಿ ಲೈನಿನಲ್ಲಿ ಏಳು ವರ್ಷದಿಂದ ಆಪರೇಟರ್. ಮನೆಮಾತು ತೆಲುಗು, ಓದುಬರಹ ಕನ್ನಡ. ಕಾರ್ಖಾನೆಯ ಬೋರ್ಡು, ಮೇಲ್, ಮೊಬೈಲ್ ಆ್ಯಪ್ ಎಲ್ಲ ಇಂಗ್ಲಿಷ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಬ್ಬರ ಬಾಯಲ್ಲಿ ಮೂರು ಭಾಷೆ ಓಡಾಡುವುದು ಹೊಸದೇನೂ ಅಲ್ಲ. ಹೊಸದಲ್ಲ ಎಂಬ ಕಾರಣಕ್ಕೇ ಅದನ್ನು ಯಾರೂ ಗಮನಿಸುವುದೂ ಇಲ್ಲ. ಈ ಪ್ರಕರಣದ ಗಂಟು ಬಿದ್ದದ್ದು ಅಲ್ಲಿಯೇ.

ಲೈನ್ ಲೀಡರ್ ಹುದ್ದೆಗೆ ಹೆಸರು ಹೋಗಿತ್ತು. ಸೂಪರ್‌ವೈಸರ್ ಶಿಫಾರಸು ಇತ್ತು, ಹಾಜರಾತಿ ಚೆನ್ನಾಗಿತ್ತು. ಕಂಪನಿ ಎಲ್ಲರಿಗೂ ಮೊಬೈಲಿನಲ್ಲಿ ವ್ಯಕ್ತಿತ್ವ ಪರೀಕ್ಷೆಯ ಲಿಂಕ್ ಕಳಿಸಿತು: 120 ಇಂಗ್ಲಿಷ್ ವಾಕ್ಯ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಉತ್ತರ. ಐದು ಅಂಶಗಳ ಮಾದರಿಯದು, ಅಂದರೆ ಬಹಿರ್ಮುಖತೆ, ಹೊಂದಾಣಿಕೆ, ಕರ್ತವ್ಯನಿಷ್ಠೆ, ಭಾವನಾತ್ಮಕ ಅಸ್ಥಿರತೆ, ಹೊಸತಿಗೆ ತೆರೆದ ಮನಸ್ಸು. ಅಸ್ಥಿರತೆಯಲ್ಲಿ ಟಿ ಅಂಕ (50 ಸರಾಸರಿ ಎಂದಿಟ್ಟು ಹೋಲಿಸುವ ಅಂಕ) 66 ಬಂತು. 60 ದಾಟಿದವರನ್ನು ಪಟ್ಟಿಯಿಂದ ಕೈಬಿಡುವುದು ಕಂಪನಿಯ ನಿಯಮ. ವರದಿಯ ಕೊನೆಯ ಸಾಲು: ‘ಒತ್ತಡದಲ್ಲಿ ತಂಡ ನಡೆಸಲು ಸೂಕ್ತರಲ್ಲ.’

ಆಮೇಲೆ ಮಾತು ಕಡಿಮೆಯಾಯಿತು, ಊಟ ಸೇರಲಿಲ್ಲ. ಯಾರೋ ಹೇಳಿದರೆಂದು ಒಂದು ಕೌನ್ಸೆಲಿಂಗ್ ಕೇಂದ್ರಕ್ಕೆ ಹೋದರು. ಅಲ್ಲಿ ಎಂಎಂಪಿಐ-2 ಎಂಬ ಉದ್ದದ ಮನೋವೈಜ್ಞಾನಿಕ ಪ್ರಶ್ನಾವಳಿ ಕೊಟ್ಟರು. ಅದರ ವರದಿ ಇನ್ನೂ ಗಟ್ಟಿಯಾಗಿ ಮಾತಾಡಿತು: ‘ಗಂಭೀರ ವ್ಯಕ್ತಿತ್ವ ದೋಷದ ಲಕ್ಷಣಗಳು, ವಾಸ್ತವದ ಅರಿವು ಕುಗ್ಗಿರುವ ಸಾಧ್ಯತೆ.’ ಗೊತ್ತಾಗಿದ್ದ ಹೆಣ್ಣಿನ ಕಡೆಯವರಿಗೆ ಈ ಸುದ್ದಿ ಹೇಗೋ ತಲುಪಿ, ಮಾತುಕತೆ ಅಲ್ಲಿಗೇ ನಿಂತಿತು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹೊರರೋಗಿ ವಿಭಾಗಕ್ಕೆ ತಾಯಿ ಮಗ ಇಬ್ಬರೂ ಬಂದಾಗ ಎರಡೂ ವರದಿ ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಮನೋವೈದ್ಯರು ನೋಡಿ, ವಿವರವಾದ ಮೌಲ್ಯಮಾಪನಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಳಿಸಿದರು. ತಾಯಿ ಕೇಳಿದ್ದು ಒಂದೇ: “ಮೇಡಂ, ನಮ್ಮ ಹುಡುಗನಿಗೆ ತಲೆ ಸರಿ ಇಲ್ಲ ಅಂತ ಬರ್ದವ್ರಾ ಇದ್ರಲ್ಲಿ?”

ಮೌಲ್ಯಮಾಪನ ಶುರುವಾಗಬೇಕಾದದ್ದು ಇಂಥ ಪ್ರಶ್ನೆಯಿಂದಲೇ. ಯಾವ ಪರೀಕ್ಷೆ ಕೊಡಬೇಕು ಎಂಬುದು ಆಮೇಲಿನ ಮಾತು. ಪರೀಕ್ಷಕಿ ಅದನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿ ಬರೆದುಕೊಂಡರು. ಈ ಎರಡು ವರದಿಗಳನ್ನು ನಂಬಬಹುದೇ? ಈಗ ಕಾಣುತ್ತಿರುವುದು ಕಾಯಿಲೆಯೋ, ಮೊದಲಿನಿಂದ ಇರುವ ಸ್ವಭಾವವೋ? ಕೆಲಸದ ಬಗ್ಗೆ ಕಂಪನಿಗೆ ಏನಾದರೂ ಹೇಳಬೇಕೇ, ಹೇಳುವುದಾದರೆ ಎಷ್ಟು?

ಎಂಎಂಪಿಐ-2 ಕಾಗದವನ್ನು ಓದಿದ ಕ್ರಮ

ಎಂಎಂಪಿಐ ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದಲ್ಲಿ ಹಾಥವೇ ಮತ್ತು ಮೆಕಿನ್ಲಿ ಕಟ್ಟಿದ ಪ್ರಶ್ನಾವಳಿ. 1943ರಲ್ಲಿ ಹೊರಬಂತು, ಪರಿಷ್ಕೃತ ಎಂಎಂಪಿಐ-2 ಬಂದದ್ದು 1989ರಲ್ಲಿ. 567 ವಾಕ್ಯ, ಉತ್ತರ ‘ಸರಿ’ ಅಥವಾ ‘ತಪ್ಪು’. ಚೆನ್ನಾಗಿ ಓದಬಲ್ಲವರಿಗೆ 60ರಿಂದ 90 ನಿಮಿಷ ಬೇಕು. ಹತ್ತು ಕ್ಲಿನಿಕಲ್ ಮಾಪಕಗಳಿವೆ. ಟಿ ಅಂಕದಲ್ಲಿ 50 ಸರಾಸರಿ, ಪ್ರತಿ 10 ಒಂದು ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), 65 ಮತ್ತು ಅದಕ್ಕೂ ಮೇಲಿನದು ಗಮನಿಸಬೇಕಾದದ್ದು.

ಆದರೆ ಆ ಹತ್ತು ಮಾಪಕಗಳನ್ನು ನೋಡುವ ಮೊದಲು ಬೇರೊಂದು ಸಾಲು ಓದಬೇಕು. ಉತ್ತರ ಕೊಟ್ಟ ರೀತಿಯನ್ನೇ ಅಳೆಯುವ ಮಾಪಕಗಳ ಸಾಲು ಅದು. ಕೇಂದ್ರದ ವರದಿಯಲ್ಲಿ ಅದು ಎರಡನೇ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಉತ್ತರಿಸದೆ ಬಿಟ್ಟದ್ದು 21. 30 ಅಥವಾ ಹೆಚ್ಚು ಬಿಟ್ಟಿದ್ದರೆ ಹಾಳೆಯನ್ನೇ ಪಕ್ಕಕ್ಕಿಡಬೇಕು, 21 ಅದರ ಒಳಗಿದೆ. ಎಫ್ ಮಾಪಕ 98. ವಿಆರ್‌ಐಎನ್ ಎಂಬ ಅಸಂಗತತೆಯ ಮಾಪಕ 88.

ವಿಆರ್‌ಐಎನ್ ಕೆಲಸ ಮಾಡುವ ಬಗೆ ಸರಳ. ಪುಸ್ತಕದಲ್ಲಿ ಅಲ್ಲಲ್ಲಿ ವಾಕ್ಯಜೋಡಿಗಳನ್ನು ಚದುರಿಸಿ ಇಟ್ಟಿರುತ್ತಾರೆ. ಕೆಲವು ಜೋಡಿಗಳ ಅರ್ಥ ಹೆಚ್ಚುಕಡಿಮೆ ಒಂದೇ, ಕೆಲವು ಒಂದಕ್ಕೊಂದು ವಿರುದ್ಧ. ನಿದ್ದೆ ಚೆನ್ನಾಗಿ ಬರುತ್ತದೆ ಎಂದು 40ನೇ ವಾಕ್ಯದಲ್ಲಿ ಒಪ್ಪಿದವರು, ರಾತ್ರಿಯೆಲ್ಲ ಎಚ್ಚರ ಇರುತ್ತೇನೆ ಎಂದು 140ರಲ್ಲೂ ಒಪ್ಪಿದರೆ ಒಂದು ಅಂಕ ಸೇರುತ್ತದೆ. (ಈ ಎರಡು ವಾಕ್ಯ ತೋರಿಸುವುದಕ್ಕೆ ಕಟ್ಟಿದವು. ನಿಜವಾದ ವಾಕ್ಯಗಳನ್ನು ಹೊರಗೆ ಹೇಳಿದರೆ ಪರೀಕ್ಷೆ ಕೆಡುತ್ತದೆ.) ಇಂಥ ಅಸಂಗತ ಜೋಡಿಗಳು ಕೂಡಿ ಟಿ ಅಂಕ 80 ಮುಟ್ಟಿದರೆ ಉಳಿದ ಮಾಪಕಗಳನ್ನು ಅರ್ಥೈಸುವಂತಿಲ್ಲ.

ಎಫ್ ಮಾಪಕದಲ್ಲಿ 60 ವಾಕ್ಯಗಳಿವೆ. ಸಾಮಾನ್ಯ ಜನರಲ್ಲಿ ತೀರಾ ಕೆಲವರೇ ಒಪ್ಪುವಂಥ, ಅಪರೂಪದ ಉತ್ತರಗಳನ್ನು ಎಣಿಸುವ ಮಾಪಕ ಅದು. ಒಬ್ಬರು ಓದದೆ ಕಣ್ಣುಮುಚ್ಚಿ ಗುರುತು ಹಾಕಿದರೂ ಅರ್ಧದಷ್ಟು, ಅಂದರೆ ಸುಮಾರು 30, ಆ ಕಡೆಗೇ ಬೀಳುತ್ತವೆ. ಹಾಗಾಗಿ ಎಫ್ ಏರಿದಾಗ ಮೂರು ಕಾರಣ ಇರಬಹುದು: ನಿಜವಾಗಿಯೂ ತೀವ್ರ ತೊಂದರೆ, ತೊಂದರೆಯನ್ನು ಹೆಚ್ಚಿಸಿ ಹೇಳುವುದು, ಇಲ್ಲವೇ ಅರ್ಥವಾಗದೆ ಉತ್ತರಿಸಿದ್ದು. ಮೂರನೆಯದನ್ನು ಮೊದಲೆರಡರಿಂದ ಬೇರೆ ಮಾಡುವುದು ವಿಆರ್‌ಐಎನ್. ಅದು ಸಾಮಾನ್ಯ ಮಟ್ಟದಲ್ಲಿದ್ದು ಎಫ್ ಮಾತ್ರ ಏರಿದ್ದರೆ ಮೊದಲೆರಡರ ಬಗ್ಗೆ ಯೋಚಿಸಬೇಕು. ಎರಡೂ ಏರಿದ್ದರೆ ಹಾಳೆಯಲ್ಲಿ ಆ ಮನುಷ್ಯನೇ ಇಲ್ಲ ಎಂದು ತಿಳಿಯಬೇಕು. ಇಲ್ಲಿ ಎರಡೂ ಏರಿದ್ದವು. ಹತ್ತರಲ್ಲಿ ಏಳು ಕ್ಲಿನಿಕಲ್ ಮಾಪಕಗಳು 65 ದಾಟಿದ್ದು ಅದರ ನೆರಳು. ವರದಿ ಬರೆದವರು ಆ ನೆರಳನ್ನೇ ರೋಗ ಎಂದು ಓದಿದ್ದರು.

ಹೇಗೆ ಉತ್ತರಿಸಿದಿರಿ ಎಂದು ಕೇಳಿದಾಗ ಉಳಿದದ್ದು ಗೊತ್ತಾಯಿತು. ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಮನೆಗೆ ಕೊಟ್ಟು ಕಳಿಸಿದ್ದರು. ಮೊದಲ ಇನ್ನೂರು ವಾಕ್ಯಗಳನ್ನು ಇವರೇ ತಿಳಿದಷ್ಟು ಓದಿ ತುಂಬಿದರು. ಮುಂದಿನದನ್ನು ಡಿಗ್ರಿ ಓದುವ ಚಿಕ್ಕಪ್ಪನ ಮಗಳು ತೆಲುಗಿನಲ್ಲಿ ಹೇಳುತ್ತ ಹೋದಳು. ತಂಗಿಯ ಎದುರು ಹೇಳಲಾಗದ ಪ್ರಶ್ನೆಗಳು ಬಂದಾಗ ಬಾಯಿಗೆ ಬಂದದ್ದನ್ನು ಹೇಳಿದರು. ಕೊನೆಯ ನೂರನ್ನು ರಾತ್ರಿ ಹನ್ನೊಂದರ ಮೇಲೆ ಮುಗಿಸಿದರು. ಈ ಪರೀಕ್ಷೆಗೆ ಆರರಿಂದ ಎಂಟನೇ ತರಗತಿಯ ಮಟ್ಟದ ಓದು ಬೇಕು ಎನ್ನುವುದು ಇಂಗ್ಲಿಷನ್ನೇ ಬದುಕಿನ ಭಾಷೆಯಾಗಿ ಬಳಸುವವರ ಲೆಕ್ಕ. ನಮ್ಮಲ್ಲಿ ಐಟಿಐ ಪಾಸಾದವರಿಗೆ ಆ ಲೆಕ್ಕ ಹೊಂದುವುದಿಲ್ಲ.

ಪರೀಕ್ಷೆಯ ಪುಸ್ತಕ ಮನೆಗೆ ಹೋಗಬಾರದು. ಉತ್ತರಿಸುವಾಗ ಯಾರಿದ್ದರು, ಎಲ್ಲಿ ನಿಂತರು, ಯಾವ ಪ್ರಶ್ನೆಗೆ ಏನು ಕೇಳಿದರು ಎಂಬುದೂ ಪರೀಕ್ಷೆಯ ಭಾಗ. ಅದನ್ನು ಕಾಣದೆ ಬರೆದ ವರದಿ ಅಂದಾಜು ಮಾತ್ರ.

120 ವಾಕ್ಯ, 22 ನಿಮಿಷ

ಕಂಪನಿಯ ಪರೀಕ್ಷೆಯ ಕಥೆ ಇದಕ್ಕಿಂತ ಸೂಕ್ಷ್ಮ. ಯುವಕ ಲಿಖಿತವಾಗಿ ಕೇಳಿಕೊಂಡ ಮೇಲೆ ಹೆಚ್‌ಆರ್ ವಿಭಾಗ ಉತ್ತರಗಳ ಪ್ರತಿ ಮತ್ತು ಸಮಯದ ದಾಖಲೆ ಕೊಟ್ಟಿತು. ಶುರುವಾದದ್ದು ಬೆಳಿಗ್ಗೆ 6:25, ಮುಗಿದದ್ದು 6:47. ಅಂದರೆ ನೈಟ್ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿನಲ್ಲಿ ಕೂತು ತುಂಬಿದ್ದು. ವಾಕ್ಯಕ್ಕೆ ಸರಾಸರಿ 11 ಸೆಕೆಂಡ್. ಕೊನೆಯ 30 ವಾಕ್ಯಗಳಲ್ಲಿ 19ಕ್ಕೆ ನಡುವಿನ ‘3’ ಒತ್ತಿದ್ದರು. ಒಂದೇ ಅಂಕಿ ಉದ್ದಕ್ಕೆ ಸಾಲುಗಟ್ಟಿದರೆ ಓದು ನಿಂತಿದೆ, ಬೆರಳು ಮಾತ್ರ ನಡೆದಿದೆ ಎಂದು ಅರ್ಥ.

ವಾಕ್ಯಗಳು ಐಪಿಐಪಿ ಎಂಬ ಸಂಗ್ರಹದವು. ಅಮೆರಿಕದ ಲೂಯಿಸ್ ಗೋಲ್ಡ್‌ಬರ್ಗ್ ಮುಂದೆ ನಿಂತು ಕಟ್ಟಿದ ಈ ಸಂಗ್ರಹವನ್ನು ಸಾರ್ವಜನಿಕ ಬಳಕೆಗೆ ಬಿಡಲಾಗಿದೆ. ಆದ್ದರಿಂದ ಇದರ ವಾಕ್ಯಗಳನ್ನು ಇಲ್ಲಿ ಹೇಳಬಹುದು. ಅಂಕ ಹಾಕುವ ಕೀಲಿಯೂ ಸಿಗುತ್ತದೆ.

ಒಂದು ವಾಕ್ಯ ‘ಸೆಲ್ಡಮ್ ಫೀಲ್ ಬ್ಲೂ’. ಮನಸ್ಸು ಕುಗ್ಗುವುದು ಅಪರೂಪ ಎಂದು ಅರ್ಥ. ಯುವಕನಿಗೆ ‘ಸೆಲ್ಡಮ್’ ಗೊತ್ತಿರಲಿಲ್ಲ. ‘ಬ್ಲೂ’ ಎಂದರೆ ಬ್ಲೂ ಫಿಲ್ಮ್ ವಿಚಾರ ಕೇಳುತ್ತಿದ್ದಾರೆ ಎಂದುಕೊಂಡು ‘1, ಖಂಡಿತ ಇಲ್ಲ’ ಒತ್ತಿದರು. ಮರ್ಯಾದಸ್ಥ ಮನುಷ್ಯ ಒತ್ತಬೇಕಾದದ್ದು ಅದೇ ಎಂದು ಅವರ ಎಣಿಕೆ. ಕೀಲಿಯ ಪ್ರಕಾರ ಇದು ತಿರುವುಮುರುವು ವಾಕ್ಯ, 1 ಒತ್ತಿದರೆ ಅಸ್ಥಿರತೆಗೆ 5 ಸೇರುತ್ತದೆ. ಗೌರವ ಕಾಪಾಡಿಕೊಳ್ಳಲು ಕೊಟ್ಟ ಉತ್ತರ ಮಾನಸಿಕ ಅಸ್ಥಿರತೆಯ ಗರಿಷ್ಠ ಅಂಕವಾಗಿ ದಾಖಲಾಯಿತು.

ಇನ್ನೊಂದು ವಾಕ್ಯ ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬರ್ಥದ್ದು: ‘ಆಮ್ ನಾಟ್ ಈಸಿಲಿ ಬಾದರ್ಡ್ ಬೈ ಥಿಂಗ್ಸ್’. ಇಲ್ಲಿ ಪದಗಳೆಲ್ಲ ಗೊತ್ತಿದ್ದವು, ಎಡವಿದ್ದು ಬೇರೆ ಕಡೆ. ಕನ್ನಡದಲ್ಲಿ “ನಿನಗೆ ಬೇಜಾರಾಗಲ್ವಾ?” ಎಂದರೆ ಬೇಜಾರಾಗದವರು “ಹೂಂ, ಆಗಲ್ಲ” ಎಂದೂ ಹೇಳುತ್ತಾರೆ, “ಇಲ್ಲ, ಆಗಲ್ಲ” ಎಂದೂ ಹೇಳುತ್ತಾರೆ. ಎರಡೂ ಒಂದೇ. ಅರ್ಥ ನಿಂತಿರುವುದು ಕೊನೆಯ ‘ಆಗಲ್ಲ’ದ ಮೇಲೆ. ತೆಲುಗಿನಲ್ಲೂ ಹಾಗೆಯೇ. ಪರೀಕ್ಷೆಯಲ್ಲಿ ಆ ‘ಆಗಲ್ಲ’ ಹೇಳಲು ಜಾಗವಿಲ್ಲ, ಬರೀ ಅಂಕಿ ಒತ್ತಬೇಕು. ಯುವಕ ಮನಸ್ಸಿನಲ್ಲಿ ‘ಇಲ್ಲ, ಆಗಲ್ಲ’ ಎಂದುಕೊಂಡು ‘ಇಲ್ಲ’ಕ್ಕೆ ಹತ್ತಿರದ 2 ಒತ್ತಿದರು. ಯಂತ್ರ ಅದನ್ನು ‘ಬೇಗ ತಲೆ ಕೆಡಿಸಿಕೊಳ್ಳುತ್ತಾರೆ’ ಎಂದು ತಿಳಿದು 4 ಅಂಕ ಕೊಟ್ಟಿತು. ನಿಷೇಧವಿರುವ ವಾಕ್ಯವನ್ನು ಕನ್ನಡಕ್ಕೆ ಅನುವಾದಿಸಿ ಕೊಟ್ಟರೂ ಈ ತೊಂದರೆ ಹೋಗುವುದಿಲ್ಲ. ಅನುವಾದಿಸುವವರು ‘ತಲೆ ಕೆಡಿಸಿಕೊಳ್ಳುವುದಿಲ್ಲ’ ಎಂಬುದನ್ನು ‘ಸಮಾಧಾನವಾಗಿರುತ್ತೇನೆ’ ಎಂದು ಇರುವಿಕೆಯ ರೂಪಕ್ಕೆ ತಿರುಗಿಸಬೇಕು. ಆಮೇಲೆ ಮೂಲವನ್ನು ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಅರ್ಥ ಉಳಿಯಿತೇ ಎಂದು ತಾಳೆ ನೋಡಬೇಕು.

ಅಸ್ಥಿರತೆಗೆ ಸೇರಿದ 24 ವಾಕ್ಯಗಳಲ್ಲಿ ‘ನಾಟ್’, ‘ರೇರ್ಲಿ’, ‘ಸೆಲ್ಡಮ್’ ಥರದ ಪದ ಇದ್ದವು 9. ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ ಮತ್ತೆ ಕೇಳಿದಾಗ 6 ತಲೆಕೆಳಗಾಗಿದ್ದು ಕಂಡಿತು. ಸರಾಸರಿ ವಾಕ್ಯಕ್ಕೆ 2 ಅಂಕದಂತೆ 12 ಅಂಕ ಹೆಚ್ಚಿಗೆ ಸೇರಿತ್ತು. ಮೂಲ ಮೊತ್ತ 82. ವರದಿಯಲ್ಲೇ ಕೊಟ್ಟಿದ್ದ ಸರಾಸರಿ 60, ಮಾನಕ ವಿಚಲನೆ 14. ಲೆಕ್ಕ ಹೀಗೆ: 82ರಲ್ಲಿ 60 ಕಳೆದರೆ 22, ಅದನ್ನು 14ರಿಂದ ಭಾಗಿಸಿ 10ರಿಂದ ಗುಣಿಸಿದರೆ ಸುಮಾರು 16, ಅದಕ್ಕೆ 50 ಕೂಡಿಸಿದರೆ 66. ಹನ್ನೆರಡು ಕಳೆದು ಮೊತ್ತ 70 ಮಾಡಿದರೆ ಟಿ ಅಂಕ 57. ಕಂಪನಿಯ ಗೆರೆಯ ಕೆಳಗೆ.

ಈ 57ನ್ನು ಅವರ ಅಂಕ ಎಂದು ಎಲ್ಲೂ ಬರೆಯಲಿಲ್ಲ. ಬರೆಯಬಾರದು ಕೂಡ. ಪರೀಕ್ಷೆಯನ್ನು ಅರ್ಧ ಬಿಡಿಸಿ ಹೇಳಿ ಕೇಳಿದ ಮೇಲೆ ಮೂಲ ಮಾನದಂಡಕ್ಕೆ ಹೋಲಿಸುವ ಹಕ್ಕು ಹೋಗುತ್ತದೆ. ಭಾಷೆಯೊಂದರಿಂದಲೇ ಅಂಕ ಎಷ್ಟು ಅಲುಗಬಲ್ಲದು ಎಂದು ತೋರಿಸಲಷ್ಟೇ ಆ ಲೆಕ್ಕ.

ಭಾಷೆ ಸರಿಯಿದ್ದರೂ ಇನ್ನೊಂದು ಸಂಗತಿ ಉಳಿಯುತ್ತದೆ. ಈ ಮಾಪಕದ ವಿಶ್ವಸನೀಯತೆ (ಅಳತೆ ಎಷ್ಟು ಸ್ಥಿರ ಎಂಬುದು, 1 ಎಂದರೆ ಪೂರ್ತಿ ಸ್ಥಿರ) 0.84 ಎಂದು ವರದಿಯಲ್ಲಿತ್ತು. 1ರಲ್ಲಿ ಅದನ್ನು ಕಳೆದರೆ 0.16, ವರ್ಗಮೂಲ 0.4, ಟಿ ಅಂಕದ ವಿಚಲನೆ 10ರಿಂದ ಗುಣಿಸಿದರೆ 4. ಇದು ಅಳತೆಯ ಮಾನಕ ದೋಷ. ಶೇ 95ರ ಭರವಸೆಗೆ ಎರಡೂ ಕಡೆ ಸುಮಾರು 8 ಅಂಕ ಬಿಡಬೇಕು. 66 ಎಂದರೆ 58ರಿಂದ 74ರ ನಡುವೆ ಎಲ್ಲೋ ಒಂದು ಕಡೆ. 60ರ ಗೆರೆ ಅದರ ಒಳಗೇ ಬೀಳುತ್ತದೆ. ಇಷ್ಟು ಅಗಲದ ಅಳತೆಗೋಲನ್ನು ಹಿಡಿದು ಒಬ್ಬನ ಏಳು ವರ್ಷದ ದುಡಿಮೆಯನ್ನು ಒಂದೇ ಅಂಕಿಯಲ್ಲಿ ತಳ್ಳಿಹಾಕುವುದು ಅನ್ಯಾಯ. ಅದೇ ವರದಿಯಲ್ಲಿ ಕರ್ತವ್ಯನಿಷ್ಠೆ 61 ಬಂದಿತ್ತು. ಐದು ಅಂಶಗಳಲ್ಲಿ ಕೆಲಸದ ಗುಣಮಟ್ಟದ ಜೊತೆ ಹೆಚ್ಚು ಸ್ಥಿರವಾಗಿ ಹೊಂದಿಕೊಂಡು ಬಂದಿರುವುದು ಅದೇ ಅಂಶ, ಆ ಹೊಂದಿಕೆಯೂ ಸಾಧಾರಣ ಮಟ್ಟದ್ದು. ಕಂಪನಿಯ ನಿಯಮದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಹೊಸದಾಗಿ ಕೂತು ಕೇಳಿದ್ದು

ಮೊದಲ ಭೇಟಿಯ 80 ನಿಮಿಷ ಪೂರ್ತಿ ಮಾತುಕತೆ. ಮಗನೊಬ್ಬನ ಜೊತೆ ಒಂದು ಗಂಟೆ, ಅವರ ಒಪ್ಪಿಗೆ ಪಡೆದು ತಾಯಿಯ ಜೊತೆ ಬೇರೆಯಾಗಿ 20 ನಿಮಿಷ. ತಂದೆ ತೀರಿಕೊಂಡು 14 ತಿಂಗಳು. ಎರಡು ಎಕರೆ ಟೊಮೆಟೊ, ಬತ್ತಿದ ಬೋರ್‌ವೆಲ್, ತಂದೆಯ ಹೆಸರಿನ ಸಾಲ ಈಗ ಇವರ ತಲೆ ಮೇಲೆ. ತಂದೆಗೆ ಎದೆನೋವು ಬಂದ ರಾತ್ರಿ ಇವರು ನೈಟ್ ಶಿಫ್ಟಿನಲ್ಲಿದ್ದರು, ಫೋನ್ ಲಾಕರಿನಲ್ಲಿತ್ತು. ಹಗಲು ನಿದ್ದೆ ಮೂರೂವರೆ ಗಂಟೆ. ತೂಕ ಇಳಿದಿತ್ತು.

ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಓದಿಸಲಾಯಿತು. ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ. ಬಂದದ್ದು 14, ಮಧ್ಯಮ ಮಟ್ಟ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ 0 ಹಾಕಿದ್ದರೂ ಪರೀಕ್ಷಕಿ ಬಾಯಿಬಿಟ್ಟು ಇನ್ನೊಮ್ಮೆ ಕೇಳಿದರು. ಹಾಳೆಯ ಮೇಲಿನ ಸೊನ್ನೆಯನ್ನು ನಂಬಿ ಮುಂದೆ ಹೋಗುವ ಪ್ರಶ್ನೆ ಅದಲ್ಲ. ಕುಡಿತದ ಬಗ್ಗೆ ಆಡಿಟ್ ಪ್ರಶ್ನಾವಳಿಯಲ್ಲಿ 4, ಎಚ್ಚರಿಕೆಯ ಗೆರೆಯಾದ 8ಕ್ಕಿಂತ ಕೆಳಗೆ.

ವ್ಯಕ್ತಿತ್ವ ದೋಷ ಇದೆಯೇ ಎಂಬುದಕ್ಕೆ ನಿರ್ಣಾಯಕ ಉತ್ತರ ಸಿಗುವುದು ಬದುಕಿನ ಇತಿಹಾಸದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಕೇಳುವುದು ಇಷ್ಟು: ತನ್ನ ಬಗ್ಗೆ ಇರುವ ಭಾವ ಅಥವಾ ಇತರರ ಜೊತೆಗಿನ ಸಂಬಂಧ ಕೆಟ್ಟಿರಬೇಕು, ಅದು ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲದಿಂದ ನಡೆದಿರಬೇಕು, ಒಂದೇ ಕಡೆ ಕಾಣದೆ ಹಲವು ಸಂದರ್ಭಗಳಲ್ಲಿ ಕಾಣಬೇಕು. ಇವರ ವಿಷಯದಲ್ಲಿ ಶಾಲೆಯ ಗೆಳೆಯರು ಇಂದಿಗೂ ಇದ್ದಾರೆ. ಏಳು ವರ್ಷ ಒಂದೇ ಲೈನಿನಲ್ಲಿ ಜಗಳವಿಲ್ಲದೆ ಕೆಲಸ. ಹೊಸಬರಿಗೆ ಕೆಲಸ ಕಲಿಸಲು ಸೂಪರ್‌ವೈಸರ್ ಕಳಿಸುತ್ತಿದ್ದದ್ದು ಇವರ ಹತ್ತಿರ. ಎಲ್ಲ ಬದಲಾದದ್ದು 14 ತಿಂಗಳಿಂದ ಈಚೆಗೆ.

ಎರಡನೇ ಭೇಟಿಯಲ್ಲಿ ಸ್ಯಾಕ್ಸ್ ವಾಕ್ಯಪೂರಣ ಪರೀಕ್ಷೆ. ಅರ್ಧ ಬರೆದ 60 ವಾಕ್ಯಗಳನ್ನು ಪೂರ್ತಿ ಮಾಡಬೇಕು. ತಾಯಿ, ತಂದೆ, ಮೇಲಧಿಕಾರಿ, ಭಯ, ತಪ್ಪಿತಸ್ಥ ಭಾವ, ಭವಿಷ್ಯ ಮೊದಲಾದ 15 ವಿಷಯಗಳು, ವಿಷಯಕ್ಕೆ ನಾಲ್ಕು ವಾಕ್ಯ. ಪ್ರತಿ ವಿಷಯಕ್ಕೂ 0, 1, 2 ಎಂದು ಅಂಕ: ತೊಂದರೆ ಇಲ್ಲ, ಸ್ವಲ್ಪ ಇದೆ, ತೀವ್ರವಾಗಿದೆ. ಹೇಳಲು ಸಾಕಷ್ಟು ಸಿಗದಿದ್ದರೆ ಎಕ್ಸ್. ಬರೆದಾದ ಮೇಲೆ ಕೂತು ಕೇಳುವುದೇ ಇದರ ಜೀವ. ಬರೀ ಹಾಳೆಗೆ ಅಂಕ ಹಾಕಿದರೆ ತಪ್ಪುತ್ತದೆ. ಹೇಗೆ ಎಂಬುದಕ್ಕೆ ಈ ಹಾಳೆಯಲ್ಲೇ ಉದಾಹರಣೆ ಇತ್ತು.

ನಾಲ್ಕು ವಾಕ್ಯಗಳಲ್ಲಿ ‘ದಿಗಿಲು’ ಎಂದು ಬರೆದಿದ್ದರು. ‘ಮನೆಗೆ ಹೋದಾಗ ದಿಗಿಲಾಗುತ್ತೆ’, ‘ಅಪ್ಪನನ್ನು ನೆನೆದರೆ ದಿಗಿಲು’. ಕನ್ನಡದಲ್ಲಿ ದಿಗಿಲು ಎಂದರೆ ಹೆದರಿಕೆ. ಹಾಗೆ ಓದಿದರೆ ಮನೆಯೆಂದರೆ ಭಯ, ತಂದೆಯೆಂದರೆ ಭಯ ಎಂದಾಗುತ್ತದೆ, ಬಾಲ್ಯದಲ್ಲಿ ಹೊಡೆತ ಬಡಿತ ಇತ್ತೇನೋ ಎಂಬ ಅನುಮಾನಕ್ಕೂ ದಾರಿಯಾಗುತ್ತದೆ. ಆದರೆ ತೆಲುಗಿನವರು ಮನೆಯಲ್ಲಿ ‘ದಿಗುಲು’ ಎನ್ನುವುದು ಹೆಚ್ಚಾಗಿ ಸಂಕಟಕ್ಕೆ, ಒಳಗೆ ಕೊರೆಯುವ ಚಿಂತೆಗೆ. “ದಿಗಿಲು ಅಂದ್ರೆ ಹೆದರಿಕೆನಾ?” ಎಂದು ಕೇಳಿದಾಗ ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆದರಿಕೆ ಅಲ್ಲ ಮೇಡಂ. ಅಪ್ಪ ಇಲ್ವಲ್ಲ, ಅದು” ಎಂದರು. ಭಯದ ವಿಷಯಕ್ಕೆ ಬೀಳಬಹುದಾಗಿದ್ದ 2 ಅಂಕ 0 ಆಯಿತು. ತಂದೆ, ತಪ್ಪಿತಸ್ಥ ಭಾವ, ಭವಿಷ್ಯ ಈ ಮೂರರಲ್ಲಿ 2. ಸಹೋದ್ಯೋಗಿಗಳ ವಿಷಯದಲ್ಲಿ 0.

ಗಡಿಸೀಮೆಯ ಊರುಗಳಲ್ಲಿ ಕೆಲಸ ಮಾಡುವವರು ಇಂಥ ಪದಗಳ ಪಟ್ಟಿಯೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದು ಯಾವ ಕೈಪಿಡಿಗಿಂತಲೂ ಉಪಯೋಗ.

ಕೊಡದೆ ಬಿಟ್ಟ ಪರೀಕ್ಷೆಗಳು

ರೋರ್ಶಾಕ್ ಶಾಯಿಕಲೆಗಳ 10 ಕಾರ್ಡು, ಚಿತ್ರ ನೋಡಿ ಕಥೆ ಹೇಳುವ ಟಿಎಟಿ, ಎರಡನ್ನೂ ಕೊಡಲಿಲ್ಲ. ಮನೋವಿಕೃತಿಯ, ಅಂದರೆ ವಾಸ್ತವದ ಅರಿವು ತಪ್ಪುವ ಕಾಯಿಲೆಯ, ಯಾವ ಸುಳಿವೂ ಮಾತುಕತೆಯಲ್ಲಿ ಇರಲಿಲ್ಲ, ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅವುಗಳಿಂದ ಉತ್ತರ ಸಿಗುತ್ತಿರಲಿಲ್ಲ. ಎರಡು ತಪ್ಪು ವರದಿಯಿಂದ ನೊಂದ ಮನುಷ್ಯನ ಮುಂದೆ ಮೂರನೇ ವಿಚಿತ್ರ ಪರೀಕ್ಷೆ ಇಟ್ಟರೆ ತನ್ನಲ್ಲಿ ಏನೋ ಇದೆ ಎಂಬ ಅನುಮಾನವೇ ಗಟ್ಟಿಯಾಗುತ್ತದೆ.

ವ್ಯಕ್ತಿತ್ವದ ಪ್ರಶ್ನಾವಳಿಯನ್ನೂ ಆಗ ಕೊಡಲಿಲ್ಲ. ಇದು ಈ ಪ್ರಕರಣದ ಅತಿ ಮುಖ್ಯ ನಿರ್ಧಾರ. ಖಿನ್ನತೆಯಲ್ಲಿರುವಾಗ ‘ನೀವು ಸಾಮಾನ್ಯವಾಗಿ ಹೇಗಿರುತ್ತೀರಿ’ ಎಂದು ಕೇಳಿದರೂ ಉತ್ತರ ಬರುವುದು ಈಗಿನ ಮನಸ್ಸಿನಿಂದ. ಅಸ್ಥಿರತೆ ಏರುತ್ತದೆ, ಬಹಿರ್ಮುಖತೆ ಇಳಿಯುತ್ತದೆ. ಜ್ವರ ಬಂದವರ ಮೈಬಿಸಿ ನೋಡಿ ‘ಇವರ ಮೈಯೇ ಬಿಸಿ’ ಎಂದು ಬರೆದಂತಾಗುತ್ತದೆ. ಸ್ವಭಾವದ ಅಳತೆಯನ್ನು ಖಿನ್ನತೆ ಇಳಿಯುವವರೆಗೆ ಮುಂದೂಡಲಾಯಿತು.

ಮನೋವೈದ್ಯರು ಮಧ್ಯಮ ಮಟ್ಟದ ಖಿನ್ನತೆ ಎಂದು ಗುರುತಿಸಿದರು. ಥೈರಾಯ್ಡ್, ಹಿಮೋಗ್ಲೋಬಿನ್ ಸರಿಯಿದ್ದವು. ಎಸ್ಸಿಟಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಶುರುವಾಯಿತು. ಮೂರು ತಿಂಗಳು ನೈಟ್ ಶಿಫ್ಟ್ ಬೇಡ ಎಂಬ ಪತ್ರದಲ್ಲಿ ‘ವೈದ್ಯಕೀಯ ಕಾರಣ’ ಎಂದಷ್ಟೇ ಬರೆದರು. ವಾರಕ್ಕೊಮ್ಮೆ ಮಾತಿನ ಚಿಕಿತ್ಸೆ. ಮಾತ್ರೆಗೆ ಪ್ರತಿ ಸಲ ಕೋಲಾರಕ್ಕೆ ಬರುವ ಬದಲು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗುವ ಏರ್ಪಾಡಾಯಿತು. ಅವೇಳೆಯಲ್ಲಿ ಮನಸ್ಸು ತೀರಾ ಕುಗ್ಗಿದರೆ ಕರೆ ಮಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಗನ ಮೊಬೈಲಿಗೂ ತಾಯಿಯ ಮೊಬೈಲಿಗೂ ಹಾಕಿಕೊಟ್ಟರು.

ಹನ್ನೆರಡನೇ ವಾರ

ಪಿಎಚ್‌ಕ್ಯೂ-9 ಆರನೇ ವಾರದಲ್ಲಿ 8, ಹನ್ನೆರಡರಲ್ಲಿ 4. ನಿದ್ದೆ ಆರು ಗಂಟೆ ಮುಟ್ಟಿತ್ತು. ಆಗ ಐಸೆಂಕ್ ವ್ಯಕ್ತಿತ್ವ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಕೊಡಲಾಯಿತು: 90 ಪ್ರಶ್ನೆ, ಹೌದು ಅಥವಾ ಇಲ್ಲ. ಬಹಿರ್ಮುಖತೆಗೆ 21, ಅಸ್ಥಿರತೆಗೆ 23, ಕಠೋರ ಮನಸ್ಸಿಗೆ 25, ತನ್ನನ್ನು ಒಳ್ಳೆಯವನಾಗಿ ತೋರಿಸಿಕೊಳ್ಳುವುದನ್ನು ಹಿಡಿಯುವ ಎಲ್ ಮಾಪಕಕ್ಕೆ 21.

ಕೊಟ್ಟ ರೀತಿ ಮುಖ್ಯ. ಬೆಳಿಗ್ಗೆ ಹತ್ತೂವರೆಗೆ, ಹಿಂದಿನ ರಾತ್ರಿ ಮಲಗಿ ಎದ್ದು ಬಂದ ದಿನ, ಪರೀಕ್ಷಕಿ ಅದೇ ಕೋಣೆಯಲ್ಲಿ. ಶುರು ಮಾಡುವ ಮುನ್ನ ಇದೇ ಥರದ ಐದು ಬೇರೆ ವಾಕ್ಯ ಓದಿಸಿ, “ಇದನ್ನ ನಿಮ್ಮ ಮಾತಲ್ಲಿ ಹೇಳಿ” ಎಂದು ಕೇಳಿದರು. ಐದರಲ್ಲಿ ಎರಡು ತಪ್ಪಿದರೆ ನಿಲ್ಲಿಸಬೇಕು ಎಂದು ಮೊದಲೇ ತೀರ್ಮಾನಿಸಿದ್ದರು. ಐದೂ ಸರಿ ಬಂದವು. ಪೂರ್ತಿಯಾಗಲು 35 ನಿಮಿಷ ಹಿಡಿಯಿತು.

ಅಸ್ಥಿರತೆ 23ರಲ್ಲಿ 9, ಬಹಿರ್ಮುಖತೆ 21ರಲ್ಲಿ 10, ಕಠೋರತೆ 3. ಎಲ್ ಮಾಪಕ 15, ಸ್ವಲ್ಪ ಎತ್ತರ. ಕೈಪಿಡಿ ಮಾತ್ರ ಓದಿದವರು ಇಲ್ಲಿ ‘ಸುಳ್ಳು ಹೇಳಿದ್ದಾರೆ’ ಎಂದು ಬರೆದುಬಿಡುತ್ತಾರೆ. ಹಳ್ಳಿಯ ಕೂಡು ಕುಟುಂಬದಲ್ಲಿ ಬೆಳೆದ ಹಿರಿಮಗನಿಗೆ ದೊಡ್ಡವರ ಮಾತು ಮೀರಿಲ್ಲ, ಯಾರದ್ದೂ ಮುಟ್ಟಿಲ್ಲ ಎಂದು ಹೇಳುವುದು ಬಹುಪಾಲು ನಿಜ, ಉಳಿದದ್ದು ಮರ್ಯಾದೆಯ ಮಾತು. ಆದರೂ ಎಲ್ ಇಷ್ಟಿರುವಾಗ ಅಸ್ಥಿರತೆಯ 9ನ್ನು ಸ್ವಲ್ಪ ಕಡಿಮೆ ಹೇಳಿಕೊಂಡದ್ದೆಂದು ಎಣಿಸುವುದು ಸರಿ. ವರದಿಯಲ್ಲಿ ಅಂಕಿಗೆ ಜೋತುಬೀಳದೆ ‘ಸಾಧಾರಣ ವ್ಯಾಪ್ತಿಯ ಒಳಗೆ’ ಎಂದು ಬರೆಯಲಾಯಿತು.

ಯಾರಿಗೆ ಎಷ್ಟು ಹೇಳಬೇಕು

ಎರಡು ವರದಿ ತಯಾರಾದವು. ಯುವಕನಿಗೆ ಕನ್ನಡದಲ್ಲಿ ಎರಡು ಪುಟ, ಓದಿ ಹೇಳಿ ಕೈಗೆ ಕೊಟ್ಟದ್ದು. ಮೂರು ಪ್ರಶ್ನೆಗಳಿಗೂ ನೇರ ಉತ್ತರ: ಹಳೆಯ ಎರಡು ವರದಿಗಳನ್ನು ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದು ಖಿನ್ನತೆ, ಅದು ಇಳಿದಿದೆ, ವ್ಯಕ್ತಿತ್ವ ದೋಷಕ್ಕೆ ಆಧಾರ ಸಿಕ್ಕಿಲ್ಲ, ಕಂಪನಿಗೆ ಏನು ಹೇಳಬೇಕೆಂಬುದು ನಿಮ್ಮ ನಿರ್ಧಾರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಈ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿ ಕೊಡುತ್ತದೆ.

ಯುವಕ ಒಪ್ಪಿ ಸಹಿ ಹಾಕಿದ ಮೇಲೆ ಕಂಪನಿಗೆ ಹೋದದ್ದು ಅರ್ಧ ಪುಟ. ಅದರಲ್ಲಿ ರೋಗದ ಹೆಸರಿಲ್ಲ, ಅಂಕವಿಲ್ಲ, ತಂದೆಯ ವಿಷಯವಿಲ್ಲ. ಪರೀಕ್ಷೆ ನಡೆದ ಭಾಷೆ, ಹೊತ್ತು, ಅಳತೆಯ ದೋಷದ ಅಗಲ ಇಷ್ಟನ್ನು ಹೇಳಿ, ಲೀಡರ್ ಹುದ್ದೆಗೆ ಕನ್ನಡದ ಪರೀಕ್ಷೆ ಮತ್ತು ಲೈನಿನಲ್ಲಿ ಪ್ರತ್ಯಕ್ಷ ಕೆಲಸದ ಮೌಲ್ಯಮಾಪನ ಎರಡನ್ನೂ ನೋಡಬೇಕೆಂದು ಕೇಳಲಾಗಿತ್ತು. ಆ ವರ್ಷದ ಪಟ್ಟಿ ಬದಲಾಯಿಸಲು ಕಂಪನಿ ಒಪ್ಪಲಿಲ್ಲ. ಶಿಫ್ಟ್ ಮುಗಿದ ಮೇಲೆ ಪರೀಕ್ಷೆ ಕೊಡುವುದನ್ನು ಎಲ್ಲರಿಗೂ ನಿಲ್ಲಿಸಿತು. ಆರು ತಿಂಗಳಾದ ಮೇಲೂ ಯುವಕ ಆಪರೇಟರ್ ಆಗಿಯೇ ಇದ್ದರು, ಲೀಡರ್ ರಜೆ ಹಾಕಿದ ದಿನ ಲೈನ್ ನೋಡಿಕೊಳ್ಳುತ್ತಿದ್ದರು.

ಕೊನೆಯ ಭೇಟಿಯಲ್ಲಿ ತಾಯಿ ಪ್ಲಾಸ್ಟಿಕ್ ಕವರ್ ತೆಗೆದು ಆ ಎರಡು ವರದಿಗಳನ್ನು ಹರಿದು ಹಾಕಲೇ ಎಂದು ಕೇಳಿದರು. ಪರೀಕ್ಷಕಿ ಬೇಡವೆಂದರು. ಕೇಂದ್ರದಲ್ಲೂ ಕಂಪನಿಯಲ್ಲೂ ಪ್ರತಿಗಳಿವೆ, ಇಲ್ಲಿ ಹರಿದರೆ ಅಲ್ಲಿಯವು ಹೋಗುವುದಿಲ್ಲ, ಮುಂದೆ ಯಾರಾದರೂ ತೋರಿಸಿದಾಗ ಎದುರಿಗೆ ಇಡಲು ಕಾಗದ ಬೇಕು. ಒಂದೊಂದು ವರದಿಯ ಮೇಲೂ ಒಂದು ಹಾಳೆ ಪಿನ್ ಮಾಡಿ, ಸಹಿ, ನೋಂದಣಿ ಸಂಖ್ಯೆ, ದಿನಾಂಕ ಹಾಕಿ ಕೊಟ್ಟರು. ಮೊದಲನೆಯದರ ಮೇಲೆ: ‘ಉತ್ತರಿಸಿದವರಿಗೆ ಪೂರ್ತಿ ತಿಳಿಯದ ಭಾಷೆಯಲ್ಲಿ, ರಾತ್ರಿ ಪಾಳಿಯ ನಂತರ ನಡೆದ ಪರೀಕ್ಷೆ. ಹುದ್ದೆಯ ನಿರ್ಧಾರಕ್ಕೆ ಬಳಸತಕ್ಕದ್ದಲ್ಲ.’ ಎರಡನೆಯದರ ಮೇಲೆ: ‘ವಿಆರ್‌ಐಎನ್ 88. ಮುಂದಿನ ಪುಟಗಳನ್ನು ಅರ್ಥೈಸತಕ್ಕದ್ದಲ್ಲ.’